ಸದ್ದಿಲ್ಲದ ಕಡಲತೀರ

ಕಡಲು ಎಂದೂ ಮೌನವಾಗಿರುವುದಿಲ್ಲ. ಆದರೂ ನಾವು ಸದ್ದಿಲ್ಲದ ಕಡಲತೀರವನ್ನು ಅರಸುತ್ತೇವೆ. ನಮಗೆ ಬೇಕಾದದ್ದು ತೆರೆಗಳ ಮೊರೆತವಿಲ್ಲದ ಜಾಗವಲ್ಲ. ಆ ಮೊರೆತವೊಂದೇ ಕೇಳಿಸುವ ಜಾಗ. ಧ್ವನಿವರ್ಧಕವಿಲ್ಲದ, ತಿಂಡಿಗಾಡಿಗಳ ಸಾಲಿಲ್ಲದ, ಮರಳಿನ ಮೇಲೆ ವಾಹನಗಳ ಗಾಲಿಯ ಗುರುತಿಲ್ಲದ ಜಾಗ. ಮಕ್ಕಳನ್ನೂ ವಯಸ್ಸಾದವರನ್ನೂ ಕರೆದುಕೊಂಡು, ಬುತ್ತಿ ಕಟ್ಟಿಕೊಂಡು ಬೆಳಗ್ಗೆ ಹೋಗಿ ಸಂಜೆಗೆ ಮನೆ ಸೇರಬಹುದಾದಂಥ ಇನ್ನೂ ಕೆಡದ ತೀರ ಎಲ್ಲಿದೆ ಎಂದು ಪರಿಚಿತರು ನನ್ನನ್ನು ಕೇಳುವುದುಂಟು.

ಒಂದು ಊರಿನ ಹೆಸರನ್ನು ಹೇಳಿಬಿಡುವುದು ಸುಲಭ. ಆದರೆ ಹಾಗೆ ಹೇಳುವುದರಲ್ಲಿ ಒಂದು ತೊಡಕಿದೆ. ಸದ್ದಿಲ್ಲದ ತೀರದ ಹೆಸರು ಬಾಯಿಂದ ಬಾಯಿಗೆ ಹರಡಿದ ಮೇಲೆ ಅದು ಸದ್ದಿಲ್ಲದ ತೀರವಾಗಿ ಉಳಿಯುವುದಿಲ್ಲ. ಗೋಕರ್ಣದ ಗುಡ್ಡಗಳಾಚೆಗಿರುವ ಕುಡ್ಲೆ ಮತ್ತು ಓಂ ತೀರಗಳು ಒಂದು ಕಾಲಕ್ಕೆ ಕಾಲುದಾರಿಯಲ್ಲಿ ನಡೆದು ಹೋದವರಿಗೆ ಮಾತ್ರ ದೊರೆಯುತ್ತಿದ್ದವು. ಇಂದು ರಜೆಯ ದಿನಗಳಲ್ಲಿ ಅಲ್ಲಿ ಕಾಲಿಡಲು ಜಾಗ ಹುಡುಕಬೇಕಾಗುತ್ತದೆ. ಆದುದರಿಂದ ಈ ಹೊತ್ತು ನಾನು ತೀರಗಳ ಪಟ್ಟಿಯನ್ನು ಓದುವುದಿಲ್ಲ. ಅಂಥ ತೀರವನ್ನು ನೀವೇ ಗುರುತಿಸಿಕೊಳ್ಳುವ ಬಗೆಯನ್ನು ವಿವರಿಸಲು ಯತ್ನಿಸುತ್ತೇನೆ. ನಡುವೆ ಬರುವ ಊರುಗಳ ಹೆಸರನ್ನು ನಿದರ್ಶನಗಳೆಂದು ತಿಳಿಯಬೇಕು.

ಜೀವಮಾನವೆಲ್ಲ ಕನ್ನಡ ಪಾಠ ಹೇಳಿದವನಿಗೆ ಶಬ್ದದಿಂದ ಮಾತನ್ನು ಆರಂಭಿಸುವ ಅಭ್ಯಾಸ ತಪ್ಪುವುದಿಲ್ಲ. ಸಂಸ್ಕೃತದ 'ವೇಲಾ' ಎಂಬ ಶಬ್ದಕ್ಕೆ ಕಡಲತೀರ ಎಂಬ ಅರ್ಥವಿದೆ. ಹೊತ್ತು, ಸಮಯ ಎಂಬ ಅರ್ಥವಿದೆ. ಎಲ್ಲೆ, ಮೇರೆ ಎಂಬ ಅರ್ಥವೂ ಇದೆ. ಕನ್ನಡದ 'ವೇಳೆ' ಇವುಗಳಲ್ಲಿ ಹೊತ್ತನ್ನು ಉಳಿಸಿಕೊಂಡಿತು. ಉತ್ತರ ಕನ್ನಡದ ಕರಾವಳಿಯವರು ಮರಳದಂಡೆಗೆ ಆಡುಮಾತಿನಲ್ಲಿ 'ಬೇಲೆ' ಎನ್ನುತ್ತಾರೆ. ಅದೂ ಇದೇ ಮೂಲದ್ದೆಂದು ನನಗೆ ತೋರುತ್ತದೆ. ತೀರ, ಹೊತ್ತು, ಮೇರೆ ಈ ಮೂರನ್ನೂ ಒಂದೇ ಶಬ್ದದಲ್ಲಿ ಅಡಗಿಸಿದವರು ಕಡಲನ್ನು ಚೆನ್ನಾಗಿ ಬಲ್ಲವರೇ ಇರಬೇಕು. ಏಕೆಂದರೆ ಒಳ್ಳೆಯ ತೀರವನ್ನು ಅರಸುವವನು ಕೇಳಬೇಕಾದ ಪ್ರಶ್ನೆಗಳು ಮೂರೇ: ಎಲ್ಲಿ, ಯಾವಾಗ, ಎಲ್ಲಿಯ ತನಕ.

ಮೊದಲನೆಯದು, ಎಲ್ಲಿ ಎಂಬ ಪ್ರಶ್ನೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಈ ಮೂರು ಜಿಲ್ಲೆಗಳಿಗೆ ಸೇರಿದ ನಮ್ಮ ಕರಾವಳಿಯ ಉದ್ದ ಸುಮಾರು 320 ಕಿಲೋಮೀಟರ್. ಇದೆಲ್ಲ ಒಂದೇ ಬಗೆಯದಲ್ಲ. ಬೈಂದೂರಿನ ಆಸುಪಾಸನ್ನು ಗಡಿಯೆಂದು ಇಟ್ಟುಕೊಂಡರೆ, ಅದರ ತೆಂಕಣಕ್ಕೆ ಕರಾವಳಿ ಹೆಚ್ಚಾಗಿ ನೇರವಾಗಿ, ಉದ್ದುದ್ದವಾಗಿ ಮರಳು ಹಾಸಿಕೊಂಡು ಸಾಗುತ್ತದೆ. ಬಡಗಣಕ್ಕೆ ಹೋದಂತೆ ಗುಡ್ಡಗಳು ಕಡಲಿನ ತನಕ ಬಂದು, ಅಲ್ಲಲ್ಲಿ ನೀರಿನೊಳಕ್ಕೆ ಮೂಗು ಚಾಚುತ್ತವೆ. ಈ ಎರಡು ಬಗೆಯ ಕರಾವಳಿಯಲ್ಲಿ ಏಕಾಂತ ಅಡಗಿರುವ ರೀತಿ ಬೇರೆ ಬೇರೆ.

ತೆಂಕಣ ಭಾಗದಲ್ಲಿ ಗಮನಿಸಬೇಕಾದವು ನದಿಗಳು. ಘಟ್ಟದಿಂದ ಇಳಿದು ಬರುವ ನದಿ ನೇರವಾಗಿ ಕಡಲನ್ನು ಸೇರಬೇಕಷ್ಟೆ. ಆದರೆ ತೆರೆಗಳು ತೀರದುದ್ದಕ್ಕೂ ಮರಳನ್ನು ತಳ್ಳಿಕೊಂಡು ಹೋಗಿ ನದಿಯ ಬಾಯಿಗೆ ಅಡ್ಡಲಾಗಿ ದಿಣ್ಣೆಯನ್ನು ಕಟ್ಟುತ್ತವೆ. ದಾರಿ ಕಾಣದ ನದಿ ಕಡಲಿನ ಪಕ್ಕದಲ್ಲೇ ಕೆಲವು ಮೈಲಿ ಹರಿದು, ಮರಳಿನ ದಿಣ್ಣೆ ಮುಗಿದಲ್ಲಿ ಕಡಲಿಗೆ ಬೀಳುತ್ತದೆ. ಉದ್ಯಾವರದ ಹೊಳೆ ಹೀಗೆ ಬಡಗಣಕ್ಕೆ ತಿರುಗಿ ಮಲ್ಪೆಯಲ್ಲಿ ಕಡಲನ್ನು ಸೇರುತ್ತದೆ. ಸೌಪರ್ಣಿಕಾ ನದಿ ಮರವಂತೆಯಲ್ಲಿ ಕಡಲಿಗೆ ಕೂಗಳತೆಯಷ್ಟು ಹತ್ತಿರ ಬಂದರೂ ಅದನ್ನು ಸೇರದೆ ತೆಂಕಣಕ್ಕೆ ತಿರುಗಿ, ಗಂಗೊಳ್ಳಿಯ ಬಳಿ ವಾರಾಹಿ, ಚಕ್ರಾ ಮೊದಲಾದ ನದಿಗಳೊಡನೆ ಕೂಡಿ ಕಡಲಿಗೆ ಇಳಿಯುತ್ತದೆ.

ಹೊಳೆಗೂ ಕಡಲಿಗೂ ನಡುವೆ ಉಳಿಯುವ ಈ ಕಿರಿದಾದ ಮರಳುನೆಲಕ್ಕೆ ಕರಾವಳಿಯಲ್ಲಿ 'ಬೆಂಗ್ರೆ' ಎಂದು ಹೆಸರು. ಅದರ ತುದಿಗೆ 'ಕೋಡಿ' ಎನ್ನುತ್ತಾರೆ. ನದಿ ಕಡಲನ್ನು ಸೇರುವ ಬಾಯಿಗೆ 'ಅಳಿವೆ' ಎನ್ನುತ್ತಾರೆ. ಪಡುವಣದಲ್ಲಿ, ಎಂದರೆ ಕಡಲಿನ ಕಡೆಗೆ ಇರುವ ಊರಿನ ಹೆಸರಿನಲ್ಲಿ ಹಲವೆಡೆ 'ಪಡು' ಎಂಬುದು ಸೇರಿಕೊಂಡಿರುತ್ತದೆ. ಪಡುಕೆರೆ, ಪಡುಬಿದ್ರಿ, ಕೋಡಿ ಬೆಂಗ್ರೆ, ಕುಂದಾಪುರದ ಕೋಡಿ ಇವೆಲ್ಲ ಬರಿಯ ಹೆಸರುಗಳಲ್ಲ, ನೆಲದ ವರ್ಣನೆಗಳು. ನಕಾಶೆಯಲ್ಲಿ ಈ ಹೆಸರುಗಳು ಕಂಡರೆ ಅಲ್ಲಿ ನಿಂತು ನೋಡಿ. ಮೊಬೈಲಿನಲ್ಲಿ ಮೇಲಿನಿಂದ ತೆಗೆದ ಚಿತ್ರ ನೋಡಲು ಬಲ್ಲವರು ಮನೆಯಲ್ಲಿದ್ದರೆ ಇನ್ನೂ ಅನುಕೂಲ. ಕಡಲು, ಮರಳಿನ ಬಿಳಿಯ ಪಟ್ಟಿ, ಅದರ ಹಿಂದೆ ತೆಂಗಿನ ಹಸುರು, ಅದರ ಹಿಂದೆ ಹೊಳೆ ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ.

ಬೆಂಗ್ರೆಯಲ್ಲಿ ಸದ್ದು ಕಡಿಮೆಯಿರುವುದಕ್ಕೆ ಕಾರಣ ಸರಳವಾದದ್ದು. ಅಲ್ಲಿನ ರಸ್ತೆ ಎಲ್ಲಿಗೂ ಹೋಗುವುದಿಲ್ಲ, ಕೋಡಿಯಲ್ಲಿ ಮುಗಿಯುತ್ತದೆ. ಆ ಊರಿನಲ್ಲಿ ಕೆಲಸವಿರುವವರ ಹೊರತು ಬೇರೆಯವರು ಆ ದಾರಿಯಲ್ಲಿ ಹಾದುಹೋಗುವ ಪ್ರಸಂಗವಿಲ್ಲ. ಮರವಂತೆಯ ಸ್ಥಿತಿ ಇದಕ್ಕೆ ವಿರುದ್ಧ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ರಾಷ್ಟ್ರೀಯ ಹೆದ್ದಾರಿ. ನೋಟಕ್ಕೆ ಅದಕ್ಕೆ ಸರಿಸಾಟಿಯಿಲ್ಲ. ಆದರೆ ಬೆನ್ನ ಹಿಂದೆ ಹಗಲಿರುಳೂ ಲಾರಿ ಬಸ್ಸುಗಳು ಓಡುತ್ತಿರುವಾಗ ಏಕಾಂತವೆಂಬುದು ಎಲ್ಲಿಯದು? ಹಾದುಹೋಗುವ ರಸ್ತೆಯ ತೀರವನ್ನು ಬಿಟ್ಟು, ಮುಗಿಯುವ ರಸ್ತೆಯ ತೀರವನ್ನು ಆರಿಸಿಕೊಳ್ಳಿ ಎಂಬುದು ಮೊದಲನೆಯ ಸೂತ್ರ. ಸುವರ್ಣಾ ಮತ್ತು ಸೀತಾ ನದಿಗಳ ಅಳಿವೆಯ ಬಳಿಯಿರುವ ಕೋಡಿ ಬೆಂಗ್ರೆ ಇದಕ್ಕೆ ಒಳ್ಳೆಯ ನಿದರ್ಶನ. ಆಚೆಯ ದಡದಲ್ಲಿ ಹಂಗಾರಕಟ್ಟೆ ಕಾಣುತ್ತದೆ. ಈಚೆಗೆ ನೆಲ ಮುಗಿಯುತ್ತದೆ.

ಇಂಥ ಕಡೆಗೂ ಈಗ ಸಂಜೆಯ ಹೊತ್ತಿಗೆ ಜನ ಬರುತ್ತಾರೆ, ನಿಜ. ಆದರೆ ಮನುಷ್ಯಸ್ವಭಾವದ ಒಂದು ಗುಣ ನಮ್ಮ ನೆರವಿಗೆ ಬರುತ್ತದೆ. ವಾಹನ ನಿಂತಲ್ಲಿಂದ ಇನ್ನೂರು ಮುನ್ನೂರು ಹೆಜ್ಜೆಯ ಆಚೆಗೆ ಹೋಗುವವರು ವಿರಳ. ಗುಂಪು ರಸ್ತೆಯ ಕೊನೆಯಲ್ಲೇ ಗುಡ್ಡೆಬೀಳುತ್ತದೆ. ಹತ್ತು ನಿಮಿಷ ಮರಳಿನ ಮೇಲೆ ನಡೆಯಲು ಮನೆಯವರು ಸಿದ್ಧರಿದ್ದರೆ, ಪ್ರಸಿದ್ಧ ತೀರದ ಪಕ್ಕದಲ್ಲೇ ಅಪ್ರಸಿದ್ಧ ತೀರವೊಂದು ದೊರೆಯುತ್ತದೆ. ಅಜ್ಜ ಅಜ್ಜಿಯರು ಜೊತೆಗಿದ್ದರೆ ಒದ್ದೆ ಮರಳಿನ ಗಟ್ಟಿ ನೆಲದಲ್ಲಿ ನಡೆಸಿಕೊಂಡು ಹೋಗಬಹುದು. ಒಣಮರಳಿನಲ್ಲಿ ಕಾಲು ಹೂತು ಅವರಿಗೆ ಆಯಾಸವಾಗುತ್ತದೆ.

ಇನ್ನು ಬಡಗಣ ಭಾಗ. ಇಲ್ಲಿ ಏಕಾಂತವನ್ನು ಕಾಯುವುದು ನದಿಯಲ್ಲ, ಗುಡ್ಡ. ಬೈಂದೂರಿನ ಒತ್ತಿನೆಣೆಯ ಮೇಲೆ ನಿಂತರೆ ಈ ಬದಲಾವಣೆ ಕಣ್ಣಿಗೆ ಬೀಳುತ್ತದೆ. ಅಲ್ಲಿಂದ ಮುಂದೆ ಎರಡು ಗುಡ್ಡಗಳ ಚಾಚಿನ ನಡುವೆ ಬಿಲ್ಲಿನಂತೆ ಬಾಗಿದ ಚಿಕ್ಕ ಚಿಕ್ಕ ಮರಳದಂಡೆಗಳು ದೊರೆಯುತ್ತವೆ. ಹೊನ್ನಾವರದ ಬಳಿಯ ಅಪ್ಸರಕೊಂಡ, ಕುಮಟಾದ ಸುತ್ತಿನ ತೀರಗಳು, ಗೋಕರ್ಣದ ಸಾಲು, ಕಾರವಾರದ ಆಚೆಗಿನವು ಈ ಬಗೆಯವು. ಗೋವೆಯ ಗಡಿಗೆ ಹತ್ತಿರದ ಮಾಜಾಳಿಯಿಂದ ಗುಡ್ಡವೊಂದನ್ನು ಕಾಲ್ನಡೆಯಲ್ಲಿ ದಾಟಿದರೆ ತೀಳಮಾತಿ ಎಂಬ ಪುಟ್ಟ ತೀರವಿದೆ. ಅಲ್ಲಿನ ಮರಳು ಕರಿಯ ಎಳ್ಳಿನಂತೆ ಕಾಣುತ್ತದೆ. ಕೊಂಕಣಿಯ ಆ ಹೆಸರಿಗೆ ಎಳ್ಳಿನ ಮಣ್ಣು ಎಂದೇ ಅರ್ಥ. ಸುತ್ತಲಿನ ಕಪ್ಪು ಬಂಡೆಯನ್ನು ಕಡಲು ಅರೆದು ಅರೆದು ಮಾಡಿದ ಮರಳು ಅದು. ಗುಡ್ಡ ಹತ್ತಿ ಇಳಿಯುವ ಶ್ರಮವೇ ಅದನ್ನು ಇಷ್ಟುಕಾಲ ಕಾಪಾಡಿದೆ. ಮಂಡಿನೋವಿನವರನ್ನು ಕರೆದುಕೊಂಡು ಹೋಗುವ ಜಾಗ ಅದಲ್ಲ. ಹತ್ತು ಹನ್ನೆರಡು ವಯಸ್ಸಿನ ಮಕ್ಕಳಿಗಾದರೋ ಹಬ್ಬ.

ಸದ್ದಿಲ್ಲದಿರುವುದು ಒಂದು, ಕೆಡದಿರುವುದು ಇನ್ನೊಂದು. ಜನರಿಲ್ಲದ ತೀರವೆಲ್ಲ ಕೆಡದ ತೀರವಲ್ಲ. ಕೆಡದ ತೀರದ ಗುರುತನ್ನು ಹೇಳುತ್ತೇನೆ. ಉಬ್ಬರದ ನೀರು ತಲುಪುವ ಗೆರೆಗಿಂತ ಮೇಲೆ ಮರಳಿನ ದಿಬ್ಬವಿರಬೇಕು. ಆ ದಿಬ್ಬದ ಮೇಲೆ, ಆಡಿನ ಗೊರಸಿನಂತೆ ಸೀಳಿದ ಎಲೆಗಳೂ ತಿಳಿನೇರಳೆ ಹೂಗಳೂ ಇರುವ ಬಳ್ಳಿ ಹಬ್ಬಿರಬೇಕು. ರಾವಣನ ಮೀಸೆ ಎಂದು ಕರೆಯುವ ಮುಳ್ಳುಹುಲ್ಲು ಇದ್ದರೆ ಇನ್ನೂ ಒಳ್ಳೆಯದು. ಇವುಗಳ ಬೇರು ಮರಳನ್ನು ಹಿಡಿದುಕೊಳ್ಳುತ್ತದೆ. ಮಳೆಗಾಲದ ತೆರೆ ಅಪ್ಪಳಿಸಿದಾಗ ದಿಬ್ಬ ಒಂದಿಷ್ಟು ಮರಳನ್ನು ತೆತ್ತು ಹಿಂದಿನ ಊರನ್ನು ಉಳಿಸುತ್ತದೆ. ಮರಳಿನಲ್ಲಿ ಏಡಿಗಳ ಬಿಲಗಳು ಕಾಣಬೇಕು. ವಾಹನಗಳು ಓಡಾಡುವ ತೀರದಲ್ಲಿ ಅವು ಕಡಿಮೆಯಾಗುತ್ತವೆ. ಇದಕ್ಕೆ ಬದಲಾಗಿ ಕಪ್ಪು ಬಂಡೆಗಲ್ಲುಗಳ ತಡೆಗೋಡೆ ಕಂಡರೆ, ಆ ಊರು ಕಡಲ್ಕೊರೆತಕ್ಕೆ ಸಿಕ್ಕಿದೆ ಎಂದು ತಿಳಿಯಬೇಕು. ಉಳ್ಳಾಲದ ಕಡೆ ಇಂಥ ಗೋಡೆಗಳನ್ನು ಕಾಣಬಹುದು. ಗೋಡೆ ಅದರ ಹಿಂದಿನ ಮನೆಯನ್ನು ಕಾಯಬಹುದು. ಆದರೆ ಅದಕ್ಕೆ ಬಡಿದು ಹಿಮ್ಮರಳುವ ತೆರೆ ಮುಂದಿನ ಮರಳನ್ನು ಎಳೆದೊಯ್ಯುತ್ತದೆ. ಅಲ್ಲಿ ಮಕ್ಕಳು ಆಡುವ ಜಾಗ ಉಳಿಯುವುದಿಲ್ಲ.

ಎರಡನೆಯ ಪ್ರಶ್ನೆ, ಯಾವಾಗ ಎಂಬುದು. ನನ್ನ ಅಭಿಪ್ರಾಯದಲ್ಲಿ ಇದು ಎಲ್ಲಿ ಎಂಬ ಪ್ರಶ್ನೆಗಿಂತ ದೊಡ್ಡದು. ಹೊತ್ತನ್ನು ಸರಿಯಾಗಿ ಆರಿಸಿಕೊಂಡವನಿಗೆ ಪ್ರಸಿದ್ಧ ತೀರವೂ ಏಕಾಂತವನ್ನು ಕೊಡುತ್ತದೆ. ಹೊತ್ತು ತಪ್ಪಿದವನಿಗೆ ಯಾವ ಕೋಡಿಯೂ ಕೊಡದು.

ವರ್ಷದ ಲೆಕ್ಕದಲ್ಲಿ, ದೀಪಾವಳಿಯಿಂದ ಯುಗಾದಿಯವರೆಗೆ ಕಡಲು ಸೌಮ್ಯವಾಗಿರುವ ಕಾಲ. ಮಳೆಗಾಲದ ದೊಡ್ಡ ತೆರೆಗಳು ತೀರದ ಮರಳನ್ನು ಕಿತ್ತು ಕಡಲಿನೊಳಗೆ ದಿಣ್ಣೆಯಾಗಿ ಇಡುತ್ತವೆ. ಆಗ ತೀರ ಕಿರಿದಾಗಿ, ಕಡಿದಾಗಿ ಇರುತ್ತದೆ. ಮಳೆ ಹಿಂದೆ ಸರಿದ ಮೇಲೆ ಸಣ್ಣ ತೆರೆಗಳು ಅದೇ ಮರಳನ್ನು ತಿಂಗಳುಗಟ್ಟಲೆ ಹೊತ್ತು ತಂದು ಮತ್ತೆ ಹಾಸುತ್ತವೆ. ತೀರ ಅಗಲವಾಗಿ, ಇಳಿಜಾರು ಮೆಲ್ಲಗಾಗುತ್ತದೆ. ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷಿದ್ಧ. ಮೀನಿನ ಸಂತಾನ ಬೆಳೆಯಲಿ ಎಂಬುದು ಅದರ ಉದ್ದೇಶ. ಕಡಲು ಕೆರಳಿರುವ ಕಾಲವೂ ಅದೇ. ಶ್ರಾವಣದ ನೂಲಹುಣ್ಣಿಮೆಯ ದಿನ ಮೊಗವೀರರು ಕಡಲಿಗೆ ಹಾಲೆರೆದು, ತೆಂಗಿನಕಾಯಿ ಅರ್ಪಿಸಿ ಪೂಜೆ ಸಲ್ಲಿಸುತ್ತಾರೆ. ಕಡಲನ್ನೇ ನಂಬಿ ಬದುಕುವವರು ದೋಣಿಯನ್ನು ದಡಕ್ಕೆ ಏರಿಸಿ ಕುಳಿತಿರುವಾಗ, ಘಟ್ಟದ ಮೇಲಿನಿಂದ ಬಂದ ನಾವು ಮಕ್ಕಳನ್ನು ನೀರಿಗೆ ಇಳಿಸುವುದು ವಿವೇಕವಲ್ಲ.

ತಿಂಗಳ ಲೆಕ್ಕಕ್ಕೆ ಪಂಚಾಂಗವೇ ಸಾಕು. ಹುಣ್ಣಿಮೆ ಅಮಾವಾಸ್ಯೆಗಳ ಸುತ್ತಿನ ದಿನಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿಗೆ ಬಂದು ಉಬ್ಬರ ಹೆಚ್ಚು ಏರುತ್ತದೆ, ಇಳಿತ ಹೆಚ್ಚು ಇಳಿಯುತ್ತದೆ. ನಮ್ಮ ಕರಾವಳಿಯಲ್ಲಿ ಈ ಏರಿಳಿತ ಆಗ ಸುಮಾರು ಒಂದೂವರೆಯಿಂದ ಎರಡು ಮೀಟರಿನಷ್ಟಿರುತ್ತದೆ. ಅಷ್ಟಮಿಯಿಂದ ದಶಮಿಯವರೆಗೆ ಅದು ಬಹಳ ತಗ್ಗುತ್ತದೆ. ಚಿಕ್ಕ ಮಕ್ಕಳಿರುವ ಸಂಸಾರಕ್ಕೆ ಈ ದಿನಗಳು ಲೇಸು. ನೀರು ಹೆಚ್ಚು ಮುಂದೆ ಬರುವುದೂ ಇಲ್ಲ, ಅಳಿವೆಯ ಹತ್ತಿರ ಸೆಳೆತವೂ ಅಷ್ಟು ಬಿರುಸಾಗಿರುವುದಿಲ್ಲ. ಬಂಡೆಗಳ ನಡುವಿನ ಹೊಂಡಗಳಲ್ಲಿ ಚಿಪ್ಪು, ಏಡಿ, ಬಣ್ಣದ ಮೀನುಮರಿಗಳನ್ನು ಮಕ್ಕಳಿಗೆ ತೋರಿಸಬೇಕೆಂದಿದ್ದರೆ ಹುಣ್ಣಿಮೆ ಅಮಾವಾಸ್ಯೆಗಳ ಇಳಿತದ ಹೊತ್ತನ್ನು ಹಿಡಿಯಬೇಕು. ಉಬ್ಬರ ಇಳಿತಗಳು ದಿನಕ್ಕೆ ಎರಡೆರಡು ಸಲ ಬರುತ್ತವೆ. ಮರುದಿನ ಸುಮಾರು ಐವತ್ತು ನಿಮಿಷ ತಡವಾಗಿ ಬರುತ್ತವೆ. ಗುಡ್ಡದ ಚಾಚನ್ನು ಬಂಡೆಗಳ ಮೇಲೆ ಸುತ್ತಿಕೊಂಡು ಚಿಕ್ಕ ತೀರಕ್ಕೆ ಹೋದವರು ಈ ಲೆಕ್ಕವನ್ನು ಮರೆಯಬಾರದು. ಹೋಗುವಾಗ ಒಣಗಿದ್ದ ದಾರಿ ಬರುವಾಗ ನೀರಿನಡಿಯಲ್ಲಿ ಇರಬಹುದು.

ದಿನದ ಲೆಕ್ಕದಲ್ಲಿ ನಾನು ಬೆಳಗಿನ ಪಕ್ಷಪಾತಿ. ಪಡುವಣ ಕಡಲಿಗೆ ಜನ ಬರುವುದು ಸೂರ್ಯಾಸ್ತಕ್ಕಾಗಿ. ನಾಲ್ಕು ಗಂಟೆಯಿಂದ ಏಳರವರೆಗೆ ಎಲ್ಲ ತೀರಗಳೂ ತುಂಬುತ್ತವೆ. ಬೆಳಗ್ಗೆ ಆರರಿಂದ ಹತ್ತರವರೆಗೆ ಅವೇ ತೀರಗಳು ಬರಿದಾಗಿರುತ್ತವೆ. ಬೆಳಗಿನ ಹೊತ್ತಿಗೆ ಇನ್ನೂ ಎರಡು ಅನುಕೂಲಗಳಿವೆ. ಸೂರ್ಯ ಮೂಡಣದಲ್ಲಿರುವುದರಿಂದ ತೀರದ ಹಿಂದಿನ ತೆಂಗು, ಗಾಳಿಮರಗಳ ನೆರಳು ಮರಳಿನ ಮೇಲೆ ಬೀಳುತ್ತದೆ; ಮಧ್ಯಾಹ್ನದ ಮೇಲೆ ಬಿಸಿಲು ನೇರವಾಗಿ ಮುಖಕ್ಕೇ ಹೊಡೆಯುತ್ತದೆ. ಎರಡನೆಯದು ಗಾಳಿ. ಹಗಲು ನೆಲ ನೀರಿಗಿಂತ ಬೇಗ ಕಾಯುತ್ತದೆ. ನೆಲದ ಮೇಲಿನ ಗಾಳಿ ಹಗುರಾಗಿ ಏರುತ್ತದೆ. ಆ ತೆರವನ್ನು ತುಂಬಲು ಕಡಲಿನಿಂದ ಗಾಳಿ ನುಗ್ಗುತ್ತದೆ. ರಾತ್ರಿ ನೆಲ ಬೇಗ ತಣಿದು ಗಾಳಿಯ ದಿಕ್ಕು ತಿರುಗುತ್ತದೆ. ಆದುದರಿಂದ ಚಳಿಗಾಲದ ಬೆಳಗಿನಲ್ಲಿ ಕಡಲು ಸಾಮಾನ್ಯವಾಗಿ ಶಾಂತವಾಗಿರುತ್ತದೆ, ಮಧ್ಯಾಹ್ನ ಕಳೆದಂತೆ ಕೆದರುತ್ತದೆ. ಶಿರಸಿ, ಸಾಗರ, ತೀರ್ಥಹಳ್ಳಿಯ ಕಡೆಯವರು ನಸುಕಿನಲ್ಲಿ ಹೊರಟರೆ ಬಿಸಿಲೇರುವ ಮೊದಲು ತೀರದಲ್ಲಿರಬಹುದು, ಕತ್ತಲಾಗುವ ಮೊದಲು ಘಟ್ಟ ಹತ್ತಿ ಮನೆ ಸೇರಬಹುದು. ಶನಿವಾರ ಭಾನುವಾರಗಳನ್ನು, ಡಿಸೆಂಬರಿನ ಕೊನೆಯ ವಾರವನ್ನು, ಗೋಕರ್ಣ ಮುರುಡೇಶ್ವರಗಳ ಆಸುಪಾಸಿನಲ್ಲಾದರೆ ಶಿವರಾತ್ರಿಯನ್ನು ಬಿಡಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ಮೂರನೆಯದು, ಮೇರೆ. ಈ ಮಾತನ್ನು ಸ್ವಲ್ಪ ಒತ್ತಿ ಹೇಳಬೇಕಾಗಿದೆ. ಸದ್ದಿಲ್ಲದ ತೀರದಲ್ಲಿ ಕೂಗಿದರೆ ಕೇಳುವವರೂ ಇರುವುದಿಲ್ಲ. ನಮಗೆ ಹಿತವಾದ ಏಕಾಂತವೇ ಅಪಾಯದ ಹೊತ್ತಿನಲ್ಲಿ ನಮಗೆ ಶತ್ರುವಾಗುತ್ತದೆ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಶಾಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಕಡಲಿನ ಪಾಲಾದರು. ಅದು ಜನರಿರುವ, ಹೆಸರಾದ ತೀರ. ಅಲ್ಲಿಯೇ ಹಾಗಾದರೆ ಯಾರೂ ಇಲ್ಲದ ಬೆಂಗ್ರೆಯಲ್ಲಿ ಎಷ್ಟು ಎಚ್ಚರ ಬೇಕು ಎಂಬುದನ್ನು ಯೋಚಿಸಬೇಕು.

ಕಡಲಿನಲ್ಲಿ ಜೀವ ಹೋಗುವುದು ಹೆಚ್ಚಾಗಿ ದೊಡ್ಡ ತೆರೆಯಿಂದಲ್ಲ, ಸೆಳೆತದಿಂದ. ತೆರೆಗಳು ದಡಕ್ಕೆ ತಂದು ಸುರಿದ ನೀರು ಹಿಂದಕ್ಕೆ ಹೋಗಲೇಬೇಕಷ್ಟೆ. ಅದು ಮರಳಿನಲ್ಲಿ ಕಿರಿದಾದ ಕಾಲುವೆಯೊಂದನ್ನು ಕೊರೆದುಕೊಂಡು ರಭಸದಿಂದ ಒಳಕ್ಕೆ ಹರಿಯುತ್ತದೆ. ಅದರ ವೇಗ ಕೆಲವೊಮ್ಮೆ ಸೆಕೆಂಡಿಗೆ ಎರಡು ಮೀಟರನ್ನು ಮುಟ್ಟುತ್ತದೆ. ನುರಿತ ಈಜುಗಾರನೂ ಅದಕ್ಕೆ ಎದುರಾಗಿ ಈಜಲಾರ. ಮೋಸವೆಲ್ಲಿದೆಯೆಂದರೆ, ಆ ಕಾಲುವೆ ಆಳವಾಗಿರುವುದರಿಂದ ಅದರ ಮೇಲೆ ತೆರೆ ಒಡೆಯುವುದು ಕಡಿಮೆ. ಎರಡು ಕಡೆ ಬಿಳಿ ನೊರೆ, ನಡುವೆ ತುಸು ಕಪ್ಪಾದ ಶಾಂತ ನೀರು. ಕಡಲನ್ನು ಅರಿಯದವನು ಆ ಶಾಂತ ನೀರನ್ನೇ ಆರಿಸಿಕೊಂಡು ಇಳಿಯುತ್ತಾನೆ. ಗುಡ್ಡದ ಚಾಚಿನ ಪಕ್ಕದಲ್ಲಿ, ಕಲ್ಲಿನ ಕಟ್ಟೆಗಳ ಪಕ್ಕದಲ್ಲಿ ಇಂಥ ಸೆಳೆತ ಹೆಚ್ಚು. ಸಿಕ್ಕಿಬಿದ್ದವರು ದಡದ ಕಡೆಗೆ ಹೋರಾಡಿ ದಣಿಯಬಾರದು. ಮೈಯನ್ನು ತೇಲಿಸಿಕೊಂಡು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿದರೆ ಕಾಲುವೆಯ ಅಗಲವನ್ನು ದಾಟಬಹುದು. ಆಮೇಲೆ ತೆರೆಗಳೇ ದಡದ ಕಡೆ ತಳ್ಳುತ್ತವೆ. ದಡದಲ್ಲಿರುವವರು ಹಿಂದೆಮುಂದೆ ನೋಡದೆ ಧುಮುಕಬಾರದು. ತೇಲುವ ವಸ್ತುವನ್ನೋ ಹಗ್ಗವನ್ನೋ ಎಸೆದು, ಮೀನುಗಾರರನ್ನು ಕೂಗಬೇಕು, 112ಕ್ಕೆ ಕರೆ ಮಾಡಬೇಕು. ಒಬ್ಬನನ್ನು ಉಳಿಸಲು ಹೋಗಿ ಇಬ್ಬರನ್ನು ಕಳೆದುಕೊಂಡ ಮನೆಗಳು ನಮ್ಮ ನಾಡಿನಲ್ಲಿ ಕಡಿಮೆಯಿಲ್ಲ.

ಅಳಿವೆಯ ಸಂಗತಿ ಇನ್ನೂ ಕಠಿಣ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರೂ ಕಡಲು ಹಿಂದೆಗೆಯುವ ನೀರೂ ಒಟ್ಟಾಗಿ ಕಿರಿದಾದ ಬಾಯಿಯಿಂದ ಹೊರನುಗ್ಗುತ್ತವೆ. ಮೇಲ್ನೋಟಕ್ಕೆ ಕನ್ನಡಿಯಂತಿರುವ ನೀರು ಅದು. ಅಳಿವೆಯನ್ನು ದಡದಿಂದ ನೋಡಬೇಕು, ಅದರಲ್ಲಿ ಮೀಯಬಾರದು. ಕೋಡಿಯ ತುದಿಗೆ ಹೋಗುವವರು ಮಕ್ಕಳಿಗೆ ಈ ಮಾತನ್ನು ಮೊದಲೇ ತಿಳಿಸಿಡಬೇಕು.

ಹಾಗಾದರೆ ಮಕ್ಕಳಿಗೆ ಕಡಲಸ್ನಾನವೇ ಬೇಡವೇ ಎಂದು ನೀವು ಕೇಳಬಹುದು. ಮೀಯುವುದಕ್ಕೆ ಒಂದು ತೀರ, ಕೂರುವುದಕ್ಕೆ ಇನ್ನೊಂದು ತೀರ ಎಂದು ಬೇರ್ಪಡಿಸಿಕೊಳ್ಳುವುದು ಇದಕ್ಕೆ ನಾನು ಕಂಡ ಪರಿಹಾರ. 2020ರಲ್ಲಿ ಹೊನ್ನಾವರದ ಕಾಸರಕೋಡು ಮತ್ತು ಪಡುಬಿದ್ರಿಯ ತೀರಗಳು ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮನ್ನಣೆಯನ್ನು ಪಡೆದವು. ನೀರಿನ ಶುದ್ಧಿ, ಶೌಚಾಲಯ, ಬಟ್ಟೆ ಬದಲಾಯಿಸುವ ಕೋಣೆ, ಜೀವರಕ್ಷಕರು ಇವೆಲ್ಲವನ್ನೂ ಪರೀಕ್ಷಿಸಿ ಕೊಡುವ ಮನ್ನಣೆ ಅದು. ಜೀವರಕ್ಷಕರು ಇರುವಂಥ ತೀರದಲ್ಲಿ ಬೆಳಗ್ಗೆ ಮಿಂದು, ಬಳಿಕ ಹತ್ತಿರದ ಸದ್ದಿಲ್ಲದ ತೀರಕ್ಕೆ ಹೋಗಿ ಬುತ್ತಿ ಬಿಚ್ಚಬಹುದು. ಕಾಸರಕೋಡಿನಲ್ಲಿ ಮಿಂದವರಿಗೆ ಅಪ್ಸರಕೊಂಡ ದೂರವಲ್ಲ. ಏಕಾಂತದ ತೀರದಲ್ಲಿ ಮಕ್ಕಳಿಗೆ ಮೊಣಕಾಲೇ ಮೇರೆ. ಮಗುವಿಗೂ ಕಡಲಿಗೂ ನಡುವೆ ದೊಡ್ಡವರೊಬ್ಬರು ನಿಂತಿರಬೇಕು.

ನೀರಿಗೆ ಇಳಿಯುವ ಮೊದಲು ಅಲ್ಲಿನವರನ್ನು ಕೇಳಬೇಕು. ಬಲೆ ಹೆಣೆಯುತ್ತ ಕುಳಿತ ಹಿರಿಯರೊಬ್ಬರು "ಇವತ್ತು ಕಡಲು ಸರಿ ಇಲ್ಲ" ಎಂದರೆ ಅದು ಆಜ್ಞೆಯೆಂದು ತಿಳಿಯಬೇಕು. ನೀರಿನ ಬಣ್ಣ, ಗಾಳಿಯ ದಿಕ್ಕು, ತೆರೆಯ ಸದ್ದು ಇವುಗಳನ್ನು ಓದುವ ವಿದ್ಯೆ ಅವರದು; ನಮ್ಮ ಯಾವ ಪದವಿಯೂ ಅದಕ್ಕೆ ಸಮನಲ್ಲ.

ಇಲ್ಲಿ ಇನ್ನೊಂದು ಮೇರೆಯ ಮಾತು ಬರುತ್ತದೆ. ನಾವು ನಿರ್ಜನವೆಂದು ಕರೆಯುವ ತೀರ ನಿಜವಾಗಿ ನಿರ್ಜನವಲ್ಲ. ಅದು ಮೊಗವೀರರ, ಖಾರ್ವಿಯರ, ಹರಿಕಂತರ, ಅಂಬಿಗರ ಮನೆಯಂಗಳ. ಅವರ ಕೆಲಸದ ಜಾಗ. ದಡದಿಂದಲೇ ಎಳೆಯುವ ರಂಪಣಿ ಬಲೆಗೆ ಹಿಂದೆ ಇಡೀ ಊರೇ ಕೈಜೋಡಿಸುತ್ತಿತ್ತು. 1970ರ ದಶಕದ ಕೊನೆಗೆ ಯಂತ್ರದೋಣಿಗಳ ದೊಡ್ಡ ಬಲೆಗಳು ಬಂದ ಮೇಲೆ ಅದು ಹಿಂದೆ ಸರಿಯಿತು. ಚಿಕ್ಕದಾದ ಕೈರಂಪಣಿ ಇನ್ನೂ ಅಲ್ಲಲ್ಲಿ ಉಳಿದಿದೆ. ಬಲೆ ಎಳೆಯುವಾಗ ಅಡ್ಡ ಹೋಗಬಾರದು, ಒಣಗಲು ಹಾಸಿದ ಬಲೆಯನ್ನು ತುಳಿಯಬಾರದು, ದಡಕ್ಕೆ ಏರಿಸಿದ ದೋಣಿಯ ಮೇಲೆ ಹತ್ತಿ ಕೂರಬಾರದು. ಹೊಳೆಗೂ ಕಡಲಿಗೂ ನಡುವಿನ ನೆಲದಲ್ಲಿ ಬಾಳುವುದೆಂದರೇನು ಎಂಬುದನ್ನು ತಿಳಿಯಬೇಕೆಂದಿರುವವರು ಹೊರಡುವ ಮೊದಲು ಕಾರಂತರ 'ಮರಳಿ ಮಣ್ಣಿಗೆ'ಯನ್ನು ಓದಿಕೊಂಡು ಹೋಗಲಿ. ನಮಗೆ ಒಂದು ದಿನದ ನೋಟವಾಗಿರುವುದು 1941ರ ಆ ಕಾದಂಬರಿಯ ಜನರಿಗೆ ಮೂರು ತಲೆಮಾರಿನ ಬದುಕು.

ಮನುಷ್ಯರಲ್ಲದ ನಿವಾಸಿಗಳೂ ಅಲ್ಲಿದ್ದಾರೆ. ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲಿ ಎಂಬ ಕಡಲಾಮೆಗಳು ನಮ್ಮ ತೀರಕ್ಕೆ ಬಂದು ಮರಳಿನಲ್ಲಿ ಮೊಟ್ಟೆಯಿಡುತ್ತವೆ. ಹೊನ್ನಾವರದ ಟೊಂಕ, ಕುಂದಾಪುರದ ಕೋಡಿ ಇದಕ್ಕೆ ಹೆಸರಾಗಿವೆ. ಮರಿ ಹೊರಬರಲು ಸುಮಾರು 45ರಿಂದ 60 ದಿನ ಬೇಕು. ಅಷ್ಟು ದಿನವೂ ಆ ಮೊಟ್ಟೆಗಳು ನಮ್ಮ ಕಾಲಡಿಯಲ್ಲಿ, ನಮ್ಮ ಗಾಲಿಯಡಿಯಲ್ಲಿ ಇರಬಹುದು. ಮರಿಗಳು ರಾತ್ರಿ ಹೊರಬಂದಾಗ ಬೆಳಕಿನ ಕಡೆ ನಡೆಯುವುದು ಅವುಗಳ ಸ್ವಭಾವ. ಕಡಲು ನೆಲಕ್ಕಿಂತ ಬೆಳಕಾಗಿರುವುದರಿಂದ ಅವು ಕಡಲನ್ನು ಸೇರುತ್ತವೆ. ದಡದ ಮೇಲೆ ದೀಪವೋ ಬೆಂಕಿಯೋ ಇದ್ದರೆ ದಾರಿ ತಪ್ಪಿ ಸಾಯುತ್ತವೆ. ಆದುದರಿಂದ ವಾಹನವನ್ನು ಮರಳಿಗೆ ಇಳಿಸಬೇಡಿ, ದಿಬ್ಬದ ಬಳ್ಳಿಯನ್ನು ಕೀಳಬೇಡಿ, ಕತ್ತಲಾದ ಮೇಲೆ ಬೆಂಕಿ ಹಾಕಬೇಡಿ. ಕಸವನ್ನು ಹಾಕಲು ಅಲ್ಲಿ ತೊಟ್ಟಿಯಿಲ್ಲವೆಂದರೆ ಬುತ್ತಿ ತಂದ ಚೀಲದಲ್ಲೇ ಹೊತ್ತು ತರಬೇಕೆಂದು ಅರ್ಥ.

ಮೇರೆಯನ್ನು ಕಾಯುವ ಕಾನೂನು ಇಲ್ಲದಿಲ್ಲ. 1991ರ ಫೆಬ್ರವರಿ 19ರ ಅಧಿಸೂಚನೆ ಉಬ್ಬರದ ಗೆರೆಯಿಂದ 500 ಮೀಟರ್ ಒಳಗಿನ ಕಟ್ಟಡ ಕೆಲಸಗಳಿಗೆ ಮೊದಲ ಬಾರಿಗೆ ನಿಯಂತ್ರಣವನ್ನು ತಂದಿತು. 2011ರಲ್ಲಿಯೂ 2019ರಲ್ಲಿಯೂ ಅದನ್ನು ಬದಲಾಯಿಸಲಾಯಿತು. ಜನಸಾಂದ್ರತೆ ಹೆಚ್ಚಿರುವ ಹಳ್ಳಿಗಾಡಿನ ತೀರಗಳಲ್ಲಿ ಕಟ್ಟಡ ಕಟ್ಟಬಾರದ ಪಟ್ಟಿ 200 ಮೀಟರಿನಿಂದ 50 ಮೀಟರಿಗೆ ಇಳಿದದ್ದು ಕೊನೆಯ ಬದಲಾವಣೆಯಲ್ಲಿ. ಕಾಗದದ ಮೇಲಿನ ಗೆರೆ ಹೀಗೆ ಹಿಂದೆಮುಂದೆ ಸರಿಯುತ್ತಿರುವಾಗ, ಹೋಗಿಬರುವವರ ನಡವಳಿಕೆಯೇ ತೀರಕ್ಕೆ ಉಳಿದಿರುವ ಕಾವಲು.

ರವೀಂದ್ರನಾಥ ಠಾಕೂರರು 1883ರಲ್ಲಿ, ತಮ್ಮ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಕಾರವಾರಕ್ಕೆ ಬಂದಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರು. 'ಪ್ರಕೃತಿಯ ಪ್ರತಿಶೋಧ'ವೆಂಬ ನಾಟಕವನ್ನು ಅವರು ಬರೆದದ್ದು ಆ ಕಡಲತಡಿಯಲ್ಲಿ. ಲೋಕವನ್ನು ತೊರೆದು ಹೋದ ಸಂನ್ಯಾಸಿಯೊಬ್ಬ ಒಂದು ಮಗುವಿನ ಪ್ರೀತಿಗೆ ಸೋತು ಮತ್ತೆ ಲೋಕಕ್ಕೆ ಬರುವ ಕಥೆ ಅದು. ಏಕಾಂತದ ತೀರ ಮನುಷ್ಯನನ್ನು ಮನುಷ್ಯರಿಂದ ದೂರ ಒಯ್ಯಬೇಕೆಂಬ ನಿಯಮವಿಲ್ಲ ಎಂಬುದಕ್ಕೆ ನಾನು ಇದನ್ನು ನೆನೆಯುತ್ತೇನೆ. ಮನೆಯಲ್ಲಿ ಒಂದೇ ಸೂರಿನಡಿಯಲ್ಲಿದ್ದೂ ಒಬ್ಬರ ಮಾತನ್ನು ಒಬ್ಬರು ಕೇಳಿಸಿಕೊಳ್ಳದ ನಾವು, ಬೇರೆ ಯಾವ ಸದ್ದೂ ಇಲ್ಲದ ಕಡೆ ನಾಲ್ಕು ಗಂಟೆ ಕೂತರೆ ಅಜ್ಜಿ ಹೇಳುವ ಹಳೆಯ ಸಂಗತಿಯನ್ನು ಮೊಮ್ಮಗ ಕೇಳುತ್ತಾನೆ. ಈ ಪ್ರಯಾಣದ ಫಲ ಅಷ್ಟೇ ಆದರೂ ಸಾಕು.

ಅಂಥ ತೀರವೊಂದು ನಿಮಗೆ ದೊರೆತರೆ ಹತ್ತಿರದವರಿಗೆ ಹೇಳಿ. ಹೋಗಬೇಕಾದ ಹೊತ್ತನ್ನೂ, ಅಲ್ಲಿ ಮೀರಬಾರದ ಮೇರೆಯನ್ನೂ ಜೊತೆಗೆ ಸೇರಿಸಿ ಹೇಳಿ. ಹೆಸರನ್ನಷ್ಟೇ ಕೇಳಿಕೊಂಡು ಹೋದವರು ತೀರವನ್ನು ಕಾಣುತ್ತಾರೆ, ಉಳಿಸುವುದಿಲ್ಲ. ಮೂರನ್ನೂ ತಿಳಿದು ಹೋದವರ ಮಕ್ಕಳಿಗೆ ಅದು ಮುಂದೆಯೂ ದೊರೆಯುತ್ತದೆ.